ಎಫ್‌ಇಎ ಸಾಫ್ಟ್‌ವೇರ್ ಕೊಳ್ಳುವ ಮುಂಚೆ ಮುರಿದ ಪಾರ್ಟ್ ಒಂದನ್ನು ಎತ್ತಿಡಿ

ನನ್ನ ಮೇಜಿನ ಮೇಲೆ ಒಂದು ಮುರಿದ ಬ್ರ್ಯಾಕೆಟ್ ಇದೆ. ಈಗ ಅದು ಪೇಪರ್‌ವೇಟ್. 8 ಮಿ.ಮೀ. ದಪ್ಪದ ಎಂ.ಎಸ್. (ಮೈಲ್ಡ್ ಸ್ಟೀಲ್) ಪ್ಲೇಟು, ಎರಡು ಕಡೆ ವೆಲ್ಡಿಂಗ್. ಒಂದು ವೆಲ್ಡಿನ ಅಂಚಿನಲ್ಲಿ ಕೂದಲೆಳೆಯಷ್ಟು ಶುರುವಾದ ಬಿರುಕು ಇಡೀ ಅಗಲಕ್ಕೂ ಓಡಿದೆ. ಮುರಿದ ಮುಖವನ್ನು ಬೆಳಕಿಗೆ ಹಿಡಿದರೆ ಕಪ್ಪೆಚಿಪ್ಪಿನ ಮೇಲಿರುವಂಥ ಸಾಲು ಸಾಲು ಗೆರೆ ಕಾಣುತ್ತದೆ. ಒಂದೇ ಏಟಿಗೆ ಮುರಿದದ್ದಲ್ಲ, ದಿನಾ ಸ್ವಲ್ಪ ಸ್ವಲ್ಪ ಸೀಳಿಕೊಂಡು ಹೋದದ್ದು ಅನ್ನುವುದಕ್ಕೆ ಆ ಗೆರೆಗಳೇ ಸಾಕ್ಷಿ.

ಇದರ ಮೇಲೆ ಸಣ್ಣದೊಂದು ಕಂಪ್ರೆಸರ್ ಕೂರುತ್ತಿತ್ತು. ನಾವು ಎಫ್‌ಇಎ (ಫೈನೈಟ್ ಎಲಿಮೆಂಟ್ ಅನಾಲಿಸಿಸ್, ಅಂದರೆ ಪಾರ್ಟನ್ನು ಕಂಪ್ಯೂಟರಿನಲ್ಲಿ ಸಣ್ಣ ಸಣ್ಣ ತುಂಡು ಮಾಡಿ ಎಷ್ಟು ತಡೆಯುತ್ತದೆ ಅಂತ ಲೆಕ್ಕ ಹಾಕುವುದು) ಮಾಡಿಯೇ ಕಳಿಸಿದ್ದೆವು. ಚಿತ್ರವೆಲ್ಲ ನೀಲಿ, ಹಸಿರು. ಸ್ಟ್ರೆಸ್ (ಲೋಹದ ಒಳಒತ್ತಡ) ಎಲ್ಲೂ 62 ಎಂಪಿಎ (ಮೆಗಾಪ್ಯಾಸ್ಕಲ್) ದಾಟಿರಲಿಲ್ಲ. ಪ್ಲೇಟು 250ರವರೆಗೆ ತಡೆಯುವಂಥದ್ದು. ನಾಲ್ಕು ಪಟ್ಟು ಭದ್ರ ಅಂತ ರಿಪೋರ್ಟ್ ಬರೆದು ಸಹಿ ಹಾಕಿದ್ದು ನಾನೇ. ನಾಲ್ಕು ತಿಂಗಳಿಗೆ ವಾಪಸ್ ಬಂತು. ನಮ್ಮ ಹಿರಿಯ ವೆಲ್ಡರ್ ಕೈಯಲ್ಲಿ ಹಿಡಿದು ನೋಡಿ, "ಸಾರ್, ಇದು ಭಾರಕ್ಕೆ ಮುರಿದಿದ್ದಲ್ಲ, ಕುಣಿದು ಮುರಿದಿದ್ದು" ಅಂದರು. ಅವರು ಹೇಳಿದ್ದೇ ಸರಿ. ನಾಲ್ಕು ಪೋಲಿನ ಮೋಟರು, 50 ಹರ್ಟ್ಸ್ ಕರೆಂಟು, ಲೋಡ್ ಬಿದ್ದಾಗ ನಿಮಿಷಕ್ಕೆ 1,440 ಸುತ್ತು, ಅಂದರೆ ಸೆಕೆಂಡಿಗೆ 24. ಆಮೇಲೆ ರಬ್ಬರ್ ಸುತ್ತಿಗೆಯಿಂದ ತಟ್ಟಿ ಸೆನ್ಸರ್ ಇಟ್ಟು ಅಳೆದರೆ ಬ್ರ್ಯಾಕೆಟ್ಟಿನ ಸ್ವಂತ ನಡುಕವೂ ಹೆಚ್ಚುಕಡಿಮೆ 25. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳುತ್ತಲೇ ಇದ್ದ ಹಾಗೆ ಆಯಿತು.

ಬೇಜಾರಿನ ವಿಷಯ ಅಂದರೆ, ನಾವು ಕೊಂಡಿದ್ದ ಪ್ಯಾಕೇಜಿನಲ್ಲಿ ನಡುಕದ ಲೆಕ್ಕ ಮಾಡುವ ಸೌಲಭ್ಯವೇ ಇರಲಿಲ್ಲ. ಅದು ಮೇಲಿನ ದರ್ಜೆಯದ್ದಂತೆ, ಬೇರೆ ದುಡ್ಡು. ಡೆಮೊ ದಿನ ನಮಗೆ ತೋರಿಸಿದ್ದು ಕಾರು ಗೋಡೆಗೆ ಗುದ್ದುವ ವಿಡಿಯೊ. ನಾವು ಕಾರು ಮಾಡುವವರಲ್ಲ! ಆದರೂ ಬಾಯಿ ಬಿಟ್ಟುಕೊಂಡು ನೋಡಿ, ಆರ್ಡರ್ ಕೊಟ್ಟು ಬಂದೆವು.

ಪೀಣ್ಯ, ಬೊಮ್ಮಸಂದ್ರ, ಜಿಗಣಿ ಕಡೆ ನಾಲ್ಕಾರು ಜನರ ಡಿಸೈನ್ ಟೀಮ್ ಇಟ್ಟುಕೊಂಡು ಮೊದಲ ಸಲ ಎಫ್‌ಇಎ ಸಾಫ್ಟ್‌ವೇರ್ ಕೊಳ್ಳಲು ಹೊರಟವರಿಗೆ ಇದನ್ನು ಬರೆಯುತ್ತಿದ್ದೇನೆ. ದೊಡ್ಡ ಕಂಪನಿಗಳಲ್ಲಿ ಇದಕ್ಕೆಂದೇ ಒಂದು ವಿಭಾಗ ಇರುತ್ತದೆ, ಅವರಿಗೆ ಇದು ಬೇಕಾಗಿಲ್ಲ.

ಮೊದಲು: ದೂರಿನ ಪುಸ್ತಕ ತೆಗೆಯಿರಿ

ಸಾಫ್ಟ್‌ವೇರ್ ಹೆಸರು ಇನ್ನೂ ಬೇಡ. ಕಳೆದ ಎರಡು ಮೂರು ವರ್ಷದಲ್ಲಿ ಗ್ರಾಹಕರಿಂದ ವಾಪಸ್ ಬಂದ ಪಾರ್ಟ್‌ಗಳು, ಟೆಸ್ಟಿಂಗ್‌ನಲ್ಲಿ ಫೇಲ್ ಆದವು, ಡ್ರಾಯಿಂಗ್ ಹಂತದಲ್ಲೇ "ಯಾಕೋ ಡೌಟು" ಅಂತ ಸುಮ್ನೆ ದಪ್ಪ ಮಾಡಿಬಿಟ್ಟವು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿಯೊಂದರ ಮುಂದೆ ಒಂದೇ ಮಾತು: ಬಾಗಿತು, ನಡುಗಿತು, ಮಡಚಿಕೊಂಡಿತು, ಸಡಿಲವಾಯಿತು, ಕಾದುಹೋಯಿತು, ಬಿದ್ದು ಒಡೆಯಿತು.

ಈ ಮಾತುಗಳೇ ನಿಮಗೆ ಯಾವ ಸಾಲ್ವರ್ (ಸಾಫ್ಟ್‌ವೇರ್‌ನೊಳಗೆ ಲೆಕ್ಕ ಬಿಡಿಸುವ ಭಾಗ) ಬೇಕು ಅಂತ ಹೇಳುತ್ತವೆ. ಬಾಗಿದ್ದು, ಸೀದಾ ಮುರಿದದ್ದು ಅಂದರೆ ಲೀನಿಯರ್ ಸ್ಟ್ಯಾಟಿಕ್ (ಅಲುಗದ ಭಾರದ ಸರಳ ಲೆಕ್ಕ) ಸಾಕು. ಅದು ಯಾವ ಸಾಫ್ಟ್‌ವೇರ್‌ನಲ್ಲೂ ಇರುತ್ತದೆ. ನಡುಗಿದ್ದಕ್ಕೆ ಮೋಡಲ್ ಬೇಕು. ಅದರ ಬೆನ್ನಿಗೇ ಹಾರ್ಮಾನಿಕ್ ಕೂಡ ಬೇಕಾಗುತ್ತದೆ, ಯಾಕೆಂದರೆ ಮೋಡಲ್ ಯಾವ ವೇಗದಲ್ಲಿ ಕುಣಿಯುತ್ತದೆ ಅಂತ ಹೇಳುತ್ತದೆಯೇ ಹೊರತು ಎಷ್ಟು ಕುಣಿಯುತ್ತದೆ ಅಂತ ಹೇಳುವುದಿಲ್ಲ. ತೆಳು ಶೀಟು, ಉದ್ದನೆ ರಾಡು ಒತ್ತಡಕ್ಕೆ ಮಡಚಿಕೊಂಡರೆ ಬಕ್ಲಿಂಗ್. ಇಲ್ಲೊಂದು ಎಚ್ಚರಿಕೆ: ಲೀನಿಯರ್ ಬಕ್ಲಿಂಗ್ ಕೊಡುವ ಉತ್ತರ ಸಾಮಾನ್ಯವಾಗಿ ಧಾರಾಳ. ನಮ್ಮ ಯಾವ ರಾಡೂ ಕಂಪ್ಯೂಟರಿನೊಳಗಿನ ರಾಡಿನಷ್ಟು ನೆಟ್ಟಗಿರುವುದಿಲ್ಲ, ಅಲ್ವಾ?

ಬೋಲ್ಟ್ ಸಡಿಲವಾದದ್ದು, ಎರಡು ಮುಖಗಳ ನಡುವೆ ಸಂದು ಬಿಟ್ಟದ್ದು ಅಂದರೆ ಕಾಂಟ್ಯಾಕ್ಟ್ (ಮುಖಗಳು ತಾಗುವ, ಬಿಡುವ ಲೆಕ್ಕ) ಬೇಕು, ಬೋಲ್ಟಿನ ಬಿಗಿತವನ್ನು ಮೊದಲೇ ಕೊಡುವ ದಾರಿ ಬೇಕು. ಇಲ್ಲಿಂದ ನಾನ್‌ಲೀನಿಯರ್ (ಭಾರ ಎರಡು ಪಟ್ಟಾದರೆ ಬಾಗುವುದೂ ಎರಡು ಪಟ್ಟು ಅನ್ನಲಾಗದ ಲೆಕ್ಕ) ಶುರು, ರೇಟೂ ಏರುತ್ತದೆ. ರಬ್ಬರ್ ಸೀಲು, ಓ-ರಿಂಗು, ಮೌಂಟು ಅಂದರೆ ಇನ್ನೂ ಒಂದು ಮೆಟ್ಟಿಲು ಮೇಲೆ. ಸಾಫ್ಟ್‌ವೇರ್ ಎಷ್ಟೇ ಒಳ್ಳೆಯದಿದ್ದರೂ ಆ ರಬ್ಬರನ್ನು ಎಳೆದು ಟೆಸ್ಟ್ ಮಾಡಿದ ಡೇಟಾ ಇಲ್ಲದೆ ಏನೂ ಗಿಟ್ಟುವುದಿಲ್ಲ. ಸಪ್ಲೈಯರ್ ಹತ್ತಿರ "ಶೋರ್ 60" ಅನ್ನುವ ಗಡಸುತನದ ಒಂದೇ ನಂಬರ್ ಇರುತ್ತದೆ, ಅದರಿಂದ ಬರುವುದು ಅಂದಾಜು ಅಷ್ಟೇ. ಕೈಜಾರಿ ಬಿದ್ದು ಒಡೆಯುವ ಹ್ಯಾಂಡ್‌ಹೆಲ್ಡ್ ಉಪಕರಣ ಮಾಡುವವರಿಗೆ ಎಕ್ಸ್‌ಪ್ಲಿಸಿಟ್ ಸಾಲ್ವರ್ ಬೇಕು. ಅದು ಬೇರೆಯದೇ ಲೋಕ, ಕೆಲವು ಮಿಲಿಸೆಕೆಂಡಿನ ಕಥೆಯನ್ನು ಲಕ್ಷಾಂತರ ಸಣ್ಣ ಹೆಜ್ಜೆಯಲ್ಲಿ ಲೆಕ್ಕ ಹಾಕುವಂಥದ್ದು. ಫೆಟೀಗ್ (ದಿನಾ ಸ್ವಲ್ಪ ಸ್ವಲ್ಪ ಸೀಳಿಕೊಂಡು ಹೋಗುವುದು) ಬಹಳ ಕಡೆ ಬೇರೆ ಮಾಡ್ಯೂಲ್, ವೆಲ್ಡಿನ ಫೆಟೀಗ್ ಅದರೊಳಗೂ ಬೇರೆ.

ಹಾಳೆ ತುಂಬಿದ ಮೇಲೆ ಎಣಿಸಿ. ನಮ್ಮ ಹಾಳೆಯಲ್ಲಿ ಹನ್ನೊಂದರಲ್ಲಿ ಐದು ನಡುಕದವು. ಕಾರು ಗುದ್ದಿದ್ದು ಸೊನ್ನೆ.

ಇದೇ ಹಾಳೆಯಲ್ಲಿ ಇನ್ನೊಂದು ಲೆಕ್ಕ ಹಾಕಿ: ವರ್ಷಕ್ಕೆ ಎಷ್ಟು ಸಲ ಇಂಥ ಪ್ರಶ್ನೆ ಬರುತ್ತದೆ? ಐದಾರು ಸಲ ಮಾತ್ರ ಅಂದರೆ ದಯವಿಟ್ಟು ಕೊಳ್ಳಬೇಡಿ. ಬೆಂಗಳೂರಿನಲ್ಲಿ ಎಫ್‌ಇಎ ಕೆಲಸವನ್ನು ಜಾಬ್ ಲೆಕ್ಕದಲ್ಲಿ ಮಾಡಿಕೊಡುವವರಿಗೆ ಬರವಿಲ್ಲ. ಅವರಿಗೆ ಕೊಡಿ, ಆದರೆ ರಿಪೋರ್ಟ್ ಜೊತೆ ಮಾಡೆಲ್ ಫೈಲನ್ನೂ ಕೇಳಿ ಇಸಿದುಕೊಳ್ಳಿ.

ಯಾರು ಕೂತು ಮಾಡುತ್ತಾರೆ?

ಈ ಪ್ರಶ್ನೆ ಯಾರೂ ಕೇಳುವುದಿಲ್ಲ. ನಿಮ್ಮ ಡ್ರಾಯಿಂಗ್ ಹುಡುಗರೇ ನಡುನಡುವೆ ಮಾಡುತ್ತಾರೋ, ಅಥವಾ ಇದಕ್ಕೇ ಒಬ್ಬರನ್ನು ಇಟ್ಟುಕೊಳ್ಳುತ್ತೀರೋ? ಮೊದಲನೆಯದಾದರೆ ಕ್ಯಾಡ್ (ಡ್ರಾಯಿಂಗ್ ಸಾಫ್ಟ್‌ವೇರ್) ಒಳಗೇ ಕೂತಿರುವ ಸಾಫ್ಟ್‌ವೇರ್ ಒಳ್ಳೆಯದು. ಸಾಲಿಡ್‌ವರ್ಕ್ಸ್ ಸಿಮ್ಯುಲೇಶನ್, ಇನ್ವೆಂಟರ್ ನಾಸ್ಟ್ರಾನ್, ಕ್ರಿಯೊ ಸಿಮ್ಯುಲೇಟ್, ಫ್ಯೂಷನ್, ಇವೆಲ್ಲ ಆ ಜಾತಿ. ಪ್ಲೇಟಿನ ದಪ್ಪ ಬದಲಿಸಿದರೆ ಲೋಡು, ಸಪೋರ್ಟು ಅಲ್ಲೇ ಇರುತ್ತವೆ, ಒಂದು ಬಟನ್ ಒತ್ತಿದರೆ ಹೊಸ ಉತ್ತರ. ತಿಂಗಳಿಗೊಮ್ಮೆ ತೆರೆಯುವವರಿಗೂ ಮರೆತುಹೋಗುವುದಿಲ್ಲ.

ದಿನವಿಡೀ ಇದನ್ನೇ ಮಾಡುವ ಅನಲಿಸ್ಟ್ ಇದ್ದರೆ ಆನ್ಸಿಸ್ ಮೆಕ್ಯಾನಿಕಲ್, ಅಬಾಕಸ್, ನಾಸ್ಟ್ರಾನ್, ಆಪ್ಟಿಸ್ಟ್ರಕ್ಟ್ ಕಡೆ ನೋಡಿ. ಕಾಂಟ್ಯಾಕ್ಟ್, ರಬ್ಬರು, ಲೋಹ ಹಿಗ್ಗಿ ಆಕಾರ ಕೆಡುವುದು, ಇಂಥದ್ದರಲ್ಲಿ ಅಬಾಕಸ್ಸಿಗೆ ಹಳೆಯ ಹೆಸರಿದೆ. ನಾಸ್ಟ್ರಾನ್ ಹುಟ್ಟಿದ್ದು 1960ರ ದಶಕದಲ್ಲಿ ನಾಸಾ ಮಾಡಿಸಿದ ಪ್ರೋಗ್ರಾಮ್ ಆಗಿ. ವಿಮಾನದವರು ಇವತ್ತಿಗೂ ಅದನ್ನು ಬಿಟ್ಟಿಲ್ಲ. ಅದರ ಇನ್‌ಪುಟ್ ಫೈಲನ್ನು ಈಗಲೂ "ಡೆಕ್" ಅನ್ನುತ್ತಾರೆ, ಸಾಲನ್ನು "ಕಾರ್ಡ್" ಅನ್ನುತ್ತಾರೆ, ಎಂಟೆಂಟು ಅಕ್ಷರದ ಕಂಡಿಯಲ್ಲಿ ನಂಬರ್ ತುಂಬುತ್ತಾರೆ. ಪಂಚ್ ಕಾರ್ಡ್ ಕಾಲದ ಅಭ್ಯಾಸ ಅದು. ನೀವು ವಿಮಾನದ ಪಾರ್ಟ್ ಮಾಡುವವರಾದರೆ ಗ್ರಾಹಕರನ್ನು ಮೊದಲೇ ಕೇಳಿ, ರಿಪೋರ್ಟ್ ಸಾಕೋ ಅಥವಾ ಡೆಕ್ ಬೇಕೋ ಅಂತ. ಡೆಕ್ ಬೇಕು ಅಂದರೆ ಆಯ್ಕೆ ಅಲ್ಲಿಗೇ ಮುಗಿಯಿತು.

ದುಡ್ಡು ಕೊಡದೆ ಸಿಗುವವು

ಕ್ಯಾಲ್ಕ್ಯುಲಿಕ್ಸ್ ಅಂತ ಒಂದು ಸಾಲ್ವರ್ ಇದೆ. ಗೈಡೊ ಡಾಂಟ್ ಮತ್ತು ಕ್ಲಾಸ್ ವಿಟಿಗ್ ಬರೆದದ್ದು, ಓಪನ್ ಸೋರ್ಸ್. ಅದರ ಇನ್‌ಪುಟ್ ಬರೆಯುವ ರೀತಿ ಅಬಾಕಸ್ ಥರವೇ, ಹಾಗಾಗಿ ಇಲ್ಲಿ ಕಲಿತದ್ದು ಮುಂದೆ ದಂಡವಾಗುವುದಿಲ್ಲ. ಕಪ್ಪು ಪರದೆಯ ಮೇಲೆ ಕಮಾಂಡ್ ಬರೆಯುವುದು ಬೇಡ ಅಂದರೆ ವಿಂಡೋಸ್‌ನಲ್ಲಿ ಪ್ರೀಪೋಮ್ಯಾಕ್ಸ್ ಹಾಕಿಕೊಳ್ಳಿ, ಅಥವಾ ಫ್ರೀಕ್ಯಾಡ್ ಒಳಗಿಂದಲೇ ಓಡಿಸಿ. ಫ್ರಾನ್ಸಿನ ವಿದ್ಯುತ್ ಕಂಪನಿ ಇಡಿಎಫ್ ಬೆಳೆಸಿದ ಕೋಡ್-ಆಸ್ಟರ್ ಬಹಳ ಗಟ್ಟಿ, ಆದರೆ ಕಲಿಯುವುದು ಕಷ್ಟ. ಗುದ್ದುವ, ಬೀಳುವ ಲೆಕ್ಕಕ್ಕೆ 2022ರಲ್ಲಿ ಓಪನ್ ಆದ ಓಪನ್‌ರೇಡಿಯಾಸ್ ಇದೆ. ನಮ್ಮ ಇಸ್ರೊದವರದೂ ಒಂದಿದೆ, ತಿರುವನಂತಪುರದ ವಿಕ್ರಂ ಸಾರಾಭಾಯ್ ಕೇಂದ್ರದಲ್ಲಿ ಬೆಳೆದ ಫೀಸ್ಟ್.

ನನ್ನ ಅನಿಸಿಕೆ ಕೇಳಿದರೆ, ಬ್ರ್ಯಾಕೆಟ್ಟು, ಫ್ರೇಮು, ಕವರಿನಂಥ ಕೆಲಸಕ್ಕೆ ಪ್ರೀಪೋಮ್ಯಾಕ್ಸ್ ಧಾರಾಳವಾಗಿ ಸಾಕು. ಆದರೆ ರಾತ್ರಿ ಹನ್ನೊಂದಕ್ಕೆ ಸಾಲ್ವರ್ ಕೈಕೊಟ್ಟರೆ ಫೋನ್ ಮಾಡಲು ಯಾರೂ ಇರುವುದಿಲ್ಲ. ನಿಮ್ಮ ಟೀಮಿನಲ್ಲಿ ತಲೆಕೆಡಿಸಿಕೊಂಡು ಹುಡುಕುವ ಒಬ್ಬ ಹುಡುಗ ಅಥವಾ ಹುಡುಗಿ ಇದ್ದರೆ ಮಾತ್ರ ಇದನ್ನೇ ನೆಚ್ಚಿಕೊಳ್ಳಿ. ಮತ್ತೆ, ದೊಡ್ಡ ಕಂಪನಿಗಳ ಸ್ಟೂಡೆಂಟ್ ಎಡಿಷನ್ ಕಲಿಯಲಿಕ್ಕೆ ಮಾತ್ರ. ಅದರಲ್ಲಿ ಗ್ರಾಹಕರ ಕೆಲಸ ಮಾಡುವುದು ಲೈಸೆನ್ಸಿಗೆ ವಿರುದ್ಧ. ಯಾರೋ ಪೆನ್‌ಡ್ರೈವ್‌ನಲ್ಲಿ ತಂದುಕೊಡುವ ಕ್ರ್ಯಾಕ್ ಕಾಪಿ ಅಂತೂ ಮುಟ್ಟಲೇಬೇಡಿ. ಇಂಟರ್‌ನೆಟ್ ಸಿಕ್ಕ ಕೂಡಲೇ ಅದು ತನ್ನ ತವರಿಗೆ ಸುದ್ದಿ ಮುಟ್ಟಿಸಿಬಿಡಬಹುದು, ಆಮೇಲೆ ವಕೀಲರ ನೋಟಿಸು.

ಟ್ರಯಲ್ ಸಿಕ್ಕಾಗ ಮಾಡಬೇಕಾದ ಮೂರು ಪರೀಕ್ಷೆ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಎಲ್ಲರೂ ಓಡುವುದು ಇಲ್ಲೇ.

ಮೊದಲನೆಯದು, ಗೋಡೆಗೆ ಸಿಕ್ಕಿಸಿದ ಪಟ್ಟಿ. 300 ಮಿ.ಮೀ. ಉದ್ದ, 50 ಅಗಲ, 10 ದಪ್ಪದ ಎಂ.ಎಸ್. ಫ್ಲಾಟ್. ಅಡ್ಡಡ್ಡ ಮಲಗಿಸಿ ಒಂದು ತುದಿ ಫಿಕ್ಸ್ ಮಾಡಿ, ಇನ್ನೊಂದು ತುದಿಗೆ 500 ನ್ಯೂಟನ್ ಕೆಳಕ್ಕೆ, ಅಂದರೆ ಒಂದು ಸಿಮೆಂಟ್ ಮೂಟೆಯಷ್ಟು. ಯಂಗ್ಸ್ ಮಾಡ್ಯುಲಸ್ (ಲೋಹ ಎಷ್ಟು ಬಿಗಿ ಅನ್ನುವ ಅಳತೆ) 2,00,000 ಎಂಪಿಎ ಹಾಕಿ. ಕೈಲೆಕ್ಕದಲ್ಲಿ ತುದಿ 5.4 ಮಿ.ಮೀ. ಇಳಿಯಬೇಕು, ಗೋಡೆಯ ಹತ್ತಿರ ಸ್ಟ್ರೆಸ್ 180 ಎಂಪಿಎ ಬರಬೇಕು. ಗೋಡೆಯ ಅಂಚಿನಲ್ಲೇ ಓದಬೇಡಿ, ಪೂರ್ತಿ ಫಿಕ್ಸ್ ಮಾಡಿದ ಮೂಲೆಯಲ್ಲಿ ನಂಬರ್ ಸುಮ್ಮನೆ ಜಿಗಿಯುತ್ತದೆ. 30 ಮಿ.ಮೀ. ಈಚೆ ಬಂದು ಓದಿ, ಅಲ್ಲಿ 162 ಇರಬೇಕು. ಇದನ್ನು ಎರಡು ಸಲ ಮಾಡಿ. ಮೊದಲು ನಾಲ್ಕು ನೋಡ್‌ನ (ಲೆಕ್ಕದ ಬಿಂದುವಿನ) ಟೆಟ್ರಾ ಎಲಿಮೆಂಟ್, ಅಂದರೆ ನಾಲ್ಕು ಮುಖದ ಸಣ್ಣ ತುಂಡು, ದಪ್ಪಕ್ಕೆ ಒಂದೇ ಸಾಲು. ಪಟ್ಟಿ ಎಷ್ಟೋ ಕಮ್ಮಿ ಬಾಗುತ್ತದೆ, ಕಬ್ಬಿಣ ಇದ್ದಕ್ಕಿದ್ದ ಹಾಗೆ ಗಟ್ಟಿಯಾದಂತೆ. ಆಮೇಲೆ ಅದೇ ಮೆಶ್‌ಗೆ (ಆ ತುಂಡುಗಳ ಬಲೆಗೆ) ಹತ್ತು ನೋಡ್‌ನ ಟೆಟ್ರಾ ಹಾಕಿ, 5.4ರ ಹತ್ತಿರ ಬರುತ್ತದೆ. ನೀವು ನೋಡಬೇಕಾದ್ದು ಏನೆಂದರೆ, ಏನೂ ಆರಿಸದೆ ಬಿಟ್ಟರೆ ಸಾಫ್ಟ್‌ವೇರ್ ತಾನಾಗಿ ಯಾವುದನ್ನು ಹಾಕುತ್ತದೆ? ಅದನ್ನು ನಿಮಗೆ ಹೇಳುತ್ತದೆಯೇ, ಅಥವಾ ಮೂರು ಮೆನು ಒಳಗೆ ಬಚ್ಚಿಡುತ್ತದೆಯೇ?

ಎರಡನೆಯದು, ತೂತಿರುವ ಪ್ಲೇಟು. 100 ಅಗಲ, 10 ದಪ್ಪ, 400 ಉದ್ದ, ನಡುವೆ 20 ಮಿ.ಮೀ. ತೂತು. ಎರಡೂ ಕಡೆಯಿಂದ 80 ಕಿಲೋನ್ಯೂಟನ್ ಎಳೆಯಿರಿ. ತೂತಿನ ಪಕ್ಕ ಉಳಿದ ಲೋಹದ ಮೇಲೆ ಸರಾಸರಿ 100 ಎಂಪಿಎ, ತೂತಿನ ಅಂಚಿನಲ್ಲಿ ಮಾತ್ರ ಸುಮಾರು 250. ಮೆಶ್ ಸಣ್ಣದು ಮಾಡುತ್ತಾ ಹೋದರೆ ಉತ್ತರ 250ರ ಆಸುಪಾಸು ಬಂದು ಕೂತುಬಿಡಬೇಕು. ಈಗ ತೂತು ತೆಗೆದು, ಒಳಮೂಲೆಯಲ್ಲಿ ಫಿಲೆಟ್ (ಮೂಲೆಯ ದುಂಡು) ಇಲ್ಲದ ಎಲ್ ಆಕಾರದ ಪಾರ್ಟ್ ಹಾಕಿ ಅದೇ ಆಟ ಆಡಿ. ಮೆಶ್ ಸಣ್ಣದಾದಷ್ಟೂ ಸ್ಟ್ರೆಸ್ ಏರುತ್ತಲೇ ಹೋಗುತ್ತದೆ, ಕೂರುವುದೇ ಇಲ್ಲ. ಅದು ಪಾರ್ಟಿನ ತಪ್ಪಲ್ಲ, ಗಣಿತದ ಗುಣ. ಇದು ಗೊತ್ತಿಲ್ಲದ ಹುಡುಗರು ಕೆಂಪು ಕಂಡ ಕೂಡಲೇ ಪ್ಲೇಟು ದಪ್ಪ ಮಾಡುತ್ತಾರೆ. ಸುಮ್ಮನೆ ಕಬ್ಬಿಣ ದಂಡ. ಮಾರಾಟಕ್ಕೆ ಬಂದವರಿಗೆ ಇದನ್ನೇ ತೋರಿಸಿ "ಯಾಕೆ ಸಾರ್ ಹೀಗೆ?" ಅಂತ ಕೇಳಿ. ಅವರು ಕೊಡುವ ಉತ್ತರದಲ್ಲಿ ಮುಂದೆ ನಿಮಗೆ ಸಿಗುವ ಸಪೋರ್ಟ್ ಎಂಥದ್ದು ಅಂತ ಗೊತ್ತಾಗಿಬಿಡುತ್ತದೆ.

ನಡುವೆ ಒಂದು ಮಾತು, ಯೂನಿಟ್ ಬಗ್ಗೆ. ಅಬಾಕಸ್, ನಾಸ್ಟ್ರಾನ್, ಕ್ಯಾಲ್ಕ್ಯುಲಿಕ್ಸ್‌ಗಳ ಸಾಲ್ವರಿಗೆ ಯೂನಿಟ್ ಅಂದರೇನು ಅಂತಲೇ ಗೊತ್ತಿಲ್ಲ. ಮಿಲಿಮೀಟರ್, ನ್ಯೂಟನ್ ಲೆಕ್ಕದಲ್ಲಿ ಹೋದರೆ ತೂಕ ಟನ್ನಿನಲ್ಲಿರಬೇಕು, ಉಕ್ಕಿನ ಸಾಂದ್ರತೆ 0.00000000785. ಅಭ್ಯಾಸಬಲದಿಂದ 7850 ಹಾಕಿದರೆ ಫ್ರೀಕ್ವೆನ್ಸಿ ಹತ್ತು ಲಕ್ಷ ಪಟ್ಟು ಕಡಿಮೆ ಬರುತ್ತದೆ. ಸ್ಟ್ರೆಸ್ ಲೆಕ್ಕದಲ್ಲಿ ಏನೂ ಗೊತ್ತಾಗದೆ ಇರಬಹುದು, ಅದೇ ಅಪಾಯ. ಹೊಸಬರ ಟೀಮ್ ಆದರೆ ಯೂನಿಟ್ಟನ್ನು ತಾನೇ ನೋಡಿಕೊಳ್ಳುವ ಸಾಫ್ಟ್‌ವೇರ್‌ಗೆ ಒಂದು ಮಾರ್ಕ್ ಜಾಸ್ತಿ ಕೊಡಿ.

ಮೂರನೆಯದೇ ಮುಖ್ಯ. ನಿಮ್ಮ ಮುರಿದ ಪಾರ್ಟು. ಎಲ್ಲಿ ಮುರಿಯಿತು, ಯಾಕೆ ಮುರಿಯಿತು ಅಂತ ನಿಮಗೆ ಗೊತ್ತಿರುವುದನ್ನೇ ಆರಿಸಿ. ಡೆಮೊಗೆ ಅವರ ಆಫೀಸಿಗೆ ಹೋಗಬೇಡಿ, ಅವರನ್ನೇ ನಿಮ್ಮ ವರ್ಕ್‌ಶಾಪಿಗೆ ಕರೆಯಿರಿ. ಕಾಫಿ ಕೊಡಿ, ಕ್ಯಾಡ್ ಫೈಲ್ ಕೊಡಿ, ಲೋಡ್ ಹೇಳಿ. ಉತ್ತರ ಮಾತ್ರ ಹೇಳಬೇಡಿ. ಫೈಲನ್ನು ಕ್ಲೀನ್ ಮಾಡಿ ಕೊಡಬೇಡಿ, ಕೊರೆದ ಲೋಗೊ ಅಕ್ಷರ, ಥ್ರೆಡ್ಡು, 0.2 ಮಿ.ಮೀ. ಫಿಲೆಟ್ಟು ಎಲ್ಲಾ ಇರಲಿ. ಗಡಿಯಾರ ನೋಡಿ. ಫೈಲ್ ತೆರೆದಾಗಿನಿಂದ ಮೆಶ್ ಕೂರುವವರೆಗೆ ಎಷ್ಟು ಹೊತ್ತು? ನಿಮ್ಮ ಹುಡುಗರ ಹೊತ್ತು ಹೋಗುವುದು ಈ ಸ್ವಚ್ಛ ಮಾಡುವುದರಲ್ಲೇ, ಸಾಲ್ವರ್ ಓಡುವುದರಲ್ಲಿ ಅಲ್ಲ.

ನಾವು ಎರಡನೇ ಸಲ ಕೊಳ್ಳುವಾಗ ಇದನ್ನೇ ಮಾಡಿದೆವು. ಮೂವರು ಬಂದರು. ಒಬ್ಬರು "ಫೈಲ್ ತಗೊಂಡು ಹೋಗಿ ನಾಳೆ ರಿಪೋರ್ಟ್ ಕಳಿಸ್ತೀವಿ ಸಾರ್" ಅಂದರು. ಬೇಡ ಅಂದೆ. ಇನ್ನೊಬ್ಬರು ಬಂದವರೇ ಸ್ಟ್ಯಾಟಿಕ್ ಓಡಿಸಿ, 62 ಎಂಪಿಎ ತೋರಿಸಿ, "ಸೂಪರ್ ಸೇಫ್" ಅಂದರು. ಮೇಜಿನ ಮೇಲೆ ಅದೇ ಬ್ರ್ಯಾಕೆಟ್ ಎರಡು ತುಂಡಾಗಿ ಬಿದ್ದಿತ್ತು, ಅವರು ನೋಡಿರಲಿಲ್ಲ. ಮೂರನೆಯವರು ಮೊದಲು ಕೇಳಿದ್ದೇ "ಇದರ ಮೇಲೆ ಏನು ಕೂರುತ್ತೆ, ಎಷ್ಟು ಆರ್‌ಪಿಎಂ?" ಅಂತ.

ಕೊಟೇಶನ್ ಓದುವುದು

ಮೊದಲ ವರ್ಷದ ರೇಟಿಗೆ ಮರುಳಾಗಬೇಡಿ. ಎರಡನೇ, ಮೂರನೇ ವರ್ಷದ ರಿನ್ಯೂವಲ್ ಎಷ್ಟು ಅಂತ ಬರಹದಲ್ಲಿ ತೆಗೆದುಕೊಳ್ಳಿ. ಹಿಂದೆ ಒಮ್ಮೆ ಕೊಂಡರೆ ನಿಮ್ಮದೇ, ವರ್ಷಾ ವರ್ಷಾ ಎಎಂಸಿ ಕಟ್ಟಿದರೆ ಹೊಸ ವರ್ಷನ್ ಸಿಗುತ್ತಿತ್ತು. ಈಗ ಬಹಳ ಕಂಪನಿಗಳು ವಾರ್ಷಿಕ ಬಾಡಿಗೆ ಕಡೆಗೇ ತಳ್ಳುತ್ತಿವೆ. ಕಟ್ಟುವುದು ನಿಲ್ಲಿಸಿದ ದಿನ ನಿಮ್ಮ ಹಳೆಯ ಫೈಲನ್ನೂ ತೆರೆಯಲಾಗದು. ಜೊತೆಗೆ ಕಂಪನಿಗಳ ಕೈ ಬದಲಾಗುತ್ತಿದೆ. 2025ರಲ್ಲೇ ಆನ್ಸಿಸ್ ಸಿನಾಪ್ಸಿಸ್‌ಗೆ ಹೋಯಿತು, ಹೈಪರ್‌ಮೆಶ್, ಆಪ್ಟಿಸ್ಟ್ರಕ್ಟ್ ಮಾಡುವ ಆಲ್ಟೇರ್ ಸೀಮೆನ್ಸ್‌ಗೆ ಹೋಯಿತು. ಮಾಲೀಕರು ಬದಲಾದರೆ ಪ್ಯಾಕೇಜೂ, ರೇಟೂ ಬದಲಾಗಬಹುದು, ಬಾಯಿಮಾತಿಗೆ ಬೆಲೆಯಿಲ್ಲ.

ಇನ್ನು ಕೇಳಬೇಕಾದವು: ಲೈಸೆನ್ಸ್ ಒಂದೇ ಕಂಪ್ಯೂಟರಿಗೋ ಅಥವಾ ಫ್ಲೋಟಿಂಗ್ ಆಗಿ ಯಾರು ಬೇಕಾದರೂ ಸರದಿಯಲ್ಲಿ ಬಳಸಬಹುದೋ. ಎಷ್ಟು ಕೋರ್‌ವರೆಗೆ ಓಡುತ್ತದೆ, ಯಾಕೆಂದರೆ 16 ಕೋರ್ ಮೆಷಿನ್ ಕೊಂಡು ಲೈಸೆನ್ಸ್ ನಾಲ್ಕಕ್ಕೇ ಬಿಟ್ಟರೆ ಹೊಟ್ಟೆ ಉರಿಯುತ್ತದೆ. ನಿಮ್ಮ ಕ್ಯಾಡ್ ಫೈಲ್ ನೇರ ಓದುವ ಸೌಲಭ್ಯ ಇದರಲ್ಲೇ ಇದೆಯೋ, ಬೇರೆ ದುಡ್ಡೋ. ಟ್ರೇನಿಂಗ್ ಎಷ್ಟು ದಿನ. ರೇಟು ಡಾಲರಿನಲ್ಲೋ ರೂಪಾಯಲ್ಲೋ. 18% ಜಿಎಸ್‌ಟಿ ಸೇರಿದೆಯೋ ಇಲ್ಲವೋ. ನಿಮ್ಮ ದೂರಿನ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ಪ್ರತಿ ಸಾಲಿಗೂ "ಇದು ಈ ರೇಟಿನೊಳಗೇ ಆಗುತ್ತಾ?" ಅಂತ ಕೇಳಿ, ಹೌದು ಅಂದರೆ ಅಲ್ಲೇ ಟಿಕ್ ಹಾಕಿಸಿ ಸಹಿ ತೆಗೆದುಕೊಳ್ಳಿ. ಮಾರುವವರಿಗೆ ಕ್ವಾರ್ಟರ್ ಕೊನೆಯಲ್ಲಿ ಟಾರ್ಗೆಟ್ ಇರುತ್ತದೆ, ಮಾರ್ಚ್ ಅಂದರಂತೂ ಕೇಳುವುದೇ ಬೇಡ. ಚೌಕಾಸಿಗೆ ಅದೇ ಹೊತ್ತು.

ಕಂಪ್ಯೂಟರು

ಇದು ಸಣ್ಣ ವಿಷಯ. ಎಸ್.ಪಿ. ರೋಡ್‌ಗೆ ಹೋದರೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ತೋರಿಸುತ್ತಾರೆ. ನಮ್ಮ ಕೆಲಸಕ್ಕೆ ಮೊದಲು ರ್‍ಯಾಮ್, ಆಮೇಲೆ ಎನ್‌ವಿಎಂಇ ಡಿಸ್ಕು, ಆಮೇಲೆ ಕೋರು. 64 ಜಿಬಿ ಇದ್ದರೆ ಸಾಮಾನ್ಯ ಪಾರ್ಟ್‌ಗಳಿಗೆ ನಿರಾಳ. ರ್‍ಯಾಮ್ ಸಾಲದೆ ಸಾಲ್ವರ್ ಡಿಸ್ಕಿಗೆ ಇಳಿದರೆ ಹತ್ತು ನಿಮಿಷದ ಕೆಲಸಕ್ಕೆ ಊಟ ಮಾಡಿ ಬಂದರೂ ಮುಗಿದಿರುವುದಿಲ್ಲ. ಯುಪಿಎಸ್ ಮರೆಯಬೇಡಿ. ರಾತ್ರಿ ಓಡಲು ಬಿಟ್ಟು ಹೋದ ರನ್ ಬೆಳಗಿನ ಜಾವದ ಪವರ್ ಕಟ್‌ಗೆ ಹೋದರೆ ಎಷ್ಟು ಸಂಕಟ ಅಂತ ಪೀಣ್ಯದವರಿಗೆ ಹೇಳಿಕೊಡಬೇಕಾಗಿಲ್ಲ.

ಕೊನೆಗೆ ನಾವು ಮಾಡಿದ್ದು

ಕ್ಯಾಡ್ ಒಳಗಿನ ಸಾಫ್ಟ್‌ವೇರನ್ನೇ ನಡುಕದ ಲೆಕ್ಕ ಇರುವ ದರ್ಜೆಯಲ್ಲಿ ಒಂದು ಫ್ಲೋಟಿಂಗ್ ಲೈಸೆನ್ಸ್ ತೆಗೆದುಕೊಂಡೆವು. ಡೌಟು ಬಂದದ್ದನ್ನು ಪ್ರೀಪೋಮ್ಯಾಕ್ಸ್‌ನಲ್ಲಿ ಇನ್ನೊಮ್ಮೆ ನೋಡುತ್ತೇವೆ. ರಬ್ಬರು, ಡ್ರಾಪ್ ಟೆಸ್ಟ್ ಬಂದರೆ ಹೊರಗೆ ಕೊಡುತ್ತೇವೆ.

ಬ್ರ್ಯಾಕೆಟ್ಟಿಗೆ ಕೆಳಗಿನಿಂದ 6 ಮಿ.ಮೀ.ಯ ಒಂದು ಪಕ್ಕೆ ಪ್ಲೇಟು ಕೊಟ್ಟು, ವೆಲ್ಡನ್ನು ಬಾಗುವ ಜಾಗದಿಂದ ಈಚೆ ಸರಿಸಿದೆವು. ಸಾಫ್ಟ್‌ವೇರ್ 41 ಹರ್ಟ್ಸ್ ಅಂದಿತು. ಮೊದಲ ಪೀಸ್ ಜೋಡಿಸಿ, ಕಂಪ್ರೆಸರ್ ಕೂರಿಸಿ, ಅದೇ ರಬ್ಬರ್ ಸುತ್ತಿಗೆಯಿಂದ ತಟ್ಟಿದರೆ 38. ಉಳಿದ ಮೂರು ಎಲ್ಲಿ ಹೋಯಿತು ಅಂತ ಹುಡುಕಿದೆವು. ನಾವು ಬೇಸ್ ಫ್ರೇಮನ್ನು ಬಂಡೆಯಷ್ಟು ಗಟ್ಟಿ ಅಂತ ಹಿಡಿದು ಫಿಕ್ಸ್ ಮಾಡಿದ್ದೆವು, ಅದೂ ಸ್ವಲ್ಪ ಬಾಗುತ್ತಿತ್ತು. ಫ್ರೇಮನ್ನೂ ಮಾಡೆಲ್‌ಗೆ ಸೇರಿಸಿದ ಮೇಲೆ 38.6 ಬಂತು. ಅದಕ್ಕೇ ಸಹಿ ಹಾಕಿ ಕಳಿಸಿದೆ.